ಗಟ್ಟಿ ಉಕ್ಕಿನ ಮುಕ್ಕು

"ಮುಟ್ಟಬೇಡಿ ಮೇಡಂ, ಅದು ಸಾಕ್ಷಿ!"

"ಮುಟ್ಟಿದ್ನೇನಯ್ಯಾ? ನೋಡ್ತಿದೀನಿ. ಕಣ್ಣಿಗೂ ಕೈಗೂ ವ್ಯತ್ಯಾಸ ಗೊತ್ತಿಲ್ದೇನೇ ಇಷ್ಟು ವರ್ಷ ಖಾಕಿ ಹಾಕಿದೀಯಾ?"

ಇನ್ಸ್‌ಪೆಕ್ಟರು ಮುಖ ಗಂಟು ಹಾಕಿಕೊಂಡು ಕುರ್ಚಿಗೆ ಒರಗಿದ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಚಾಕು ಇತ್ತು. ನನ್ನ ತಮ್ಮ ಮಾಡಿದ ಚಾಕು, ನನ್ನ ಭಾವನ ಎದೆಯಿಂದ ತೆಗೆದ ಚಾಕು. ನಿನ್ನೆ ಮಧ್ಯಾಹ್ನ ಊಟದ ಗಿರಾಕಿಗಳು ಹೋದಮೇಲೆ, ಅಡುಗೆಯವರೆಲ್ಲ ಮಹಡಿಗೆ ಹೋಗಿ ಅಡ್ಡಾಗಿದ್ದ ಹೊತ್ತಿನಲ್ಲಿ, ಭಾವ ತನ್ನದೇ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸತ್ತುಬಿದ್ದಿದ್ದ. ಸಂಜೆಯೊಳಗೆ ತಮ್ಮ ಲಾಕಪ್ಪಿನಲ್ಲಿದ್ದ.

"ನಾಳೆ ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸ್ತೀವಿ," ಎಂದ ಇನ್ಸ್‌ಪೆಕ್ಟರು. "ನಿಮ್ಮ ತಮ್ಮ ಚಾಕು ತಂದುಕೊಟ್ಟಾಗ ಅಡುಗೆಮನೇಲಿ ಜಗಳ ಆಗಿದೆ. 'ಇನ್ನೊಂದ್ಸಲ ದೊಡ್ಡಕ್ಕನ ಮೇಲೆ ಕೈ ಎತ್ತಿದ್ರೆ ಇದೇ ಚಾಕು' ಅಂತ ಕೂಗಾಡಿದಾನೆ. ಎಲ್ಲರೂ ಕೇಳಿಸ್ಕೊಂಡಿದಾರೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ ಮೇಡಂ?"

ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡಕ್ಕನನ್ನು ಗಂಡ ಹೊಡೆಯುತ್ತಿದ್ದ ವಿಷಯ ನನಗೆ ಗೊತ್ತಾದದ್ದು ಈ ಠಾಣೆಯ ಬೆಂಚಿನ ಮೇಲೆ, ಒಬ್ಬ ಕಾನ್‌ಸ್ಟೇಬಲ್ಲಿನ ಬಾಯಿಂದ. ತಮ್ಮನಿಗೆ ಗೊತ್ತಿತ್ತು, ಅಡುಗೆಯವರಿಗೆ ಗೊತ್ತಿತ್ತು, ಪಾತ್ರೆ ತೊಳೆಯುವವಳಿಗೂ ಗೊತ್ತಿತ್ತಂತೆ. ಊರವರ ಗುಟ್ಟು ಕೆದಕಿ ಹೊಟ್ಟೆ ಹೊರೆಯುವ ಪತ್ತೇದಾರಿ ತಂಗಿಗೆ ಮಾತ್ರ ಗೊತ್ತಿರಲಿಲ್ಲ. ನಿನ್ನೆಯವರೆಗೆ ನನಗೆ ಅವರು 'ಭಾವನವರು'. ಈಗ ಬಾಯಿಗೆ ಬರುವುದು 'ಅವನು' ಅಂತಲೇ.

"ಹೇಳಿದ, ಅದಕ್ಕೇ ಮಾಡಿದ. ಅಷ್ಟೇ ತಾನೇ ನಿನ್ನ ತನಿಖೆ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ!"

ಅವನು ಚೀಲವನ್ನು ನನ್ನ ಕಡೆ ತಳ್ಳಿದ. ನಾನು ಪೊಲೀಸ್ ಇಲಾಖೆಯಲ್ಲಿದ್ದಾಗ ಇವನು ಕೆಲಸ ಕಲಿತದ್ದು ನನ್ನ ಕೈಕೆಳಗೆ. ಮೇಲಿನ ಸಾಹೇಬನ ಜತೆ ಜಗಳ ಮಾಡಿಕೊಂಡು ನಾನು ನೌಕರಿ ಬಿಟ್ಟು ಬಂದ ದಿನ ಬಾಗಿಲು ತೆರೆದುಹಿಡಿದು ನಿಂತವನೂ ಇವನೇ. ಹಿಂದಿನಿಂದ ನನ್ನನ್ನು 'ಕೆಂಡದಕ್ಕ' ಅಂತ ಕರೆಯುವವರಲ್ಲಿ ಇವನೂ ಒಬ್ಬ. ಆ ಹಳೇ ಭಯ ಇದ್ದದ್ದಕ್ಕೇ ಇವತ್ತು ಚಾಕು ನೋಡಲು ಬಿಟ್ಟಿದ್ದ.

ನಾನು ಚೀಲದ ಮೇಲೆ ಬಗ್ಗಿದೆ. ಅಲಗು ಹಿಡಿಯ ಕಡೆಯಿಂದ ಮುಕ್ಕಾಲು ಪಾಲು ನುಣ್ಣಗಿತ್ತು. ತುದಿಯ ಹತ್ತಿರ ಮೂರು ಬೆರಳಗಲ ಮಾತ್ರ ಬಾಯಿ ಮುಕ್ಕಾಗಿತ್ತು. ಇಲಿ ಕಡಿದ ಹಾಗೆ ಸಣ್ಣ ಸಣ್ಣ ಹಲ್ಲು. ಅದೇ ಜಾಗದಲ್ಲಿ ರಕ್ತದ ಕೆಳಗೆ ಉಕ್ಕು ನೀಲಿಗಪ್ಪಾಗಿ ಕಲೆಗಟ್ಟಿತ್ತು.

"ಇದೇನು?"

"ಎಲುಬಿಗೆ ತಾಗಿರುತ್ತೆ."

"ಡಾಕ್ಟರು ಹಾಗೇ ಅಂದ್ರಾ?"

ಅವನು ತಲೆ ತುರಿಸಿಕೊಂಡ. "ಇಲ್ಲ. ಪಕ್ಕೆಲುಬಿನ ಸಂದೀಲಿ ನೇರ ಹೋಗಿದೆಯಂತೆ. ಎಲುಬಿಗೆ ಎಲ್ಲೂ ತಾಗಿಲ್ಲವಂತೆ."

"ಮತ್ತೆ?"

ನಾನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಎದ್ದೆ.

ನನ್ನ ತಮ್ಮನ ಅಂಗಡಿಗೆ ಯಾರೇ ಚಾಕು ಕೊಳ್ಳಲು ಬರಲಿ, ಅವನು ಎರಡು ಪ್ರಶ್ನೆ ಕೇಳುತ್ತಾನೆ. ಏನು ಕುಯ್ತೀರ? ಯಾರು ಮಸೀತಾರೆ? ಎರಡನೆಯದಕ್ಕೆ ತಡವರಿಸಿದರೆ ಮೆತ್ತನೆ ಉಕ್ಕಿನದು ಕೊಟ್ಟು ಕಳಿಸುತ್ತಾನೆ. ಅದು ವಾರಕ್ಕೇ ಮೊಂಡಾಗುತ್ತದೆ, ಆದರೆ ಯಾರು ಹೇಗೆ ಉಜ್ಜಿದರೂ ಮತ್ತೆ ದಾರಿಗೆ ಬರುತ್ತದೆ.

ಭಾವನಿಗೆ ಅದು ಸಾಲಲಿಲ್ಲ. ಗಿರಾಕಿಗಳ ಎದುರು ನಿಂತು ಮೀನನ್ನು ಕಾಗದದ ಹಾಗೆ ಕೊಯ್ದು ಚಪ್ಪಾಳೆ ಗಿಟ್ಟಿಸುವ ಚಟ ಅವನಿಗೆ. "ನನಗೆ ಹರಿತ ನಿಲ್ಬೇಕು ಕಣೋ. ತಿಂಗಳುಗಟ್ಟಲೆ ನಿಲ್ಬೇಕು. ನಿನ್ನ ಹತ್ರ ಇರೋದ್ರಲ್ಲಿ ಗಟ್ಟಿ ಉಕ್ಕು ಯಾವ್ದೋ ಅದನ್ನ ಕೊಡು."

"ಬೇಡ ಭಾವ," ಅಂದಿದ್ದ ತಮ್ಮ, ನಾನೂ ಅಂಗಡಿಯಲ್ಲೇ ಕೂತಿದ್ದೆ. "ಗಟ್ಟಿ ಉಕ್ಕು ಹರಿತ ಬಿಡಲ್ಲ, ನಿಜ. ಆದ್ರೆ ಅದು ಬಾಗೋ ಜಾತಿ ಅಲ್ಲ. ಒರಟಾಗಿ ಉಜ್ಜಿದ್ರೆ ಬಾಯಿ ಚೂರುಚೂರಾಗಿ ಉದುರುತ್ತೆ. ನಿಮ್ಮ ಅಡುಗೆಮನೇಲಿ ಎಲ್ರೂ ಚಾಕು ಮಸೆಯೋ ಉಕ್ಕಿನ ಕಂಬಿಗೆ ಉಜ್ಜೋರೇ."

ಹಟ ಮಾಡಿ ತೆಗೆದುಕೊಂಡ. ತಮ್ಮ ಎರಡು ಷರತ್ತು ಹಾಕಿದ. ಮಸೆಯುವುದಿದ್ದರೆ ನನ್ನ ಹತ್ತಿರ ತನ್ನಿ, ಬೇರೆ ಏನಕ್ಕೂ ತಾಗಿಸಬೇಡಿ. ಹುಳಿ ಏನನ್ನೂ ಕುಯ್ಯಬೇಡಿ, ಈ ಉಕ್ಕು ಹುಳಿ ಸೋಕಿದರೆ ಕಪ್ಪಾಗುತ್ತೆ. ಹೆಂಡತಿಯನ್ನು ಹೇಗಾದರೂ ನಡೆಸಿಕೊಂಡಿರಲಿ, ಆ ಚಾಕುವನ್ನು ಮಾತ್ರ ಅವನು ಹೂವಿನ ಹಾಗೆ ನೋಡಿಕೊಂಡ. ಅಡುಗೆಯವರಿಗೂ ಮುಟ್ಟಲು ಬಿಡಲಿಲ್ಲ.

ನಿನ್ನೆ ತಮ್ಮ ಅದನ್ನು ಮಸೆದು ತಂದಿದ್ದ. ಎಲ್ಲರೆದುರು ತನ್ನ ಮುಂಗೈ ಕೂದಲು ಹೆರೆದು ತೋರಿಸಿದ್ದ. ಆಮೇಲೆ ಜಗಳ, ಆಮೇಲೆ ಅವನು ಹೊರಟುಹೋದ. ಅಲ್ಲಿಂದ ಕೊಲೆಯವರೆಗಿನ ಹೊತ್ತಿನಲ್ಲಿ ಯಾರೋ ಆ ಚಾಕುವಿನ ಎರಡು ಷರತ್ತನ್ನೂ ಮುರಿದಿದ್ದರು. ಷರತ್ತು ಗೊತ್ತಿಲ್ಲದ ಒಬ್ಬರು.

ಅಷ್ಟು ಗೊತ್ತಾದದ್ದೇ ತಡ, ನಾನು ತಮ್ಮನ ಅಂಗಡಿಯ ಬೀಗ ತೆಗೆದು, ಅದೇ ಉಕ್ಕಿನ ಜೋಡಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸೀದಾ ಹೋಟೆಲಿಗೆ ನುಗ್ಗಿದೆ.

ಒಲೆಗಳು ಆರಿದ್ದವು. ಮುಖ್ಯ ಅಡುಗೆಯವನು ಒಬ್ಬನೇ ಕೂತು ತನ್ನ ಚಾಕುಗಳನ್ನು ಒರೆಸುತ್ತಿದ್ದ. ದನಿಯ ಜೋರಿಗೆ ಅವನನ್ನು ಎಲ್ಲರೂ ಗುಡುಗಪ್ಪ ಅಂತಲೇ ಕರೆಯುವುದು. ಅವನ ಸೊಂಟದಲ್ಲಿ ಉಕ್ಕಿನ ಕಂಬಿ ತೂಗುತ್ತಿತ್ತು. ಚಾಕು ಕೈಗೆ ಬಂದರೆ ಸಾಕು, ಕಂಬಿಗೆ ನಾಲ್ಕು ಸಲ ಎಳೆಯದೆ ಈರುಳ್ಳಿಯನ್ನೂ ಮುಟ್ಟದ ಮನುಷ್ಯ.

"ಭಾವ ನಿನ್ನನ್ನ ಕೆಲಸದಿಂದ ತೆಗೀತೀನಿ ಅಂದಿದ್ನಂತಲ್ಲ?"

"ಅಂದಿದ್ರು. ವರ್ಷಕ್ಕೆ ನಾಲ್ಕು ಸಲ ಅಂತಿದ್ರು. ಏನೀಗ?"

"ಆ ಚಾಕು ಕಂಬಿಗೆ ಉಜ್ಜಿದ್ದು ಯಾರು?"

ಅವನು ದಡಕ್ಕನೆ ಎದ್ದ. ಮಣೆ ಕೆಳಗೆ ಬಿತ್ತು. "ನನ್ನನ್ನ ಕೇಳ್ತೀರಾ? ನಾನು ಕೊಂದೆ ಅಂತೀರಾ?"

"ಕೊಂದೆ ಅಂತ ನಾನು ಅಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

"ರೀ ಅಮ್ಮಾ! ಬಾಯಿಗೆ ಬಂದ ಹಾಗೆ ಮಾತಾಡಬೇಡಿ! ಹದಿನೆಂಟು ವರ್ಷ ಈ ಬೆಂಕಿ ಮುಂದೆ ಬೆಂದಿದೀನಿ. ಆ ಮನುಷ್ಯ ಕೆಟ್ಟೋನು, ಹೌದು. ನಾನೇ ಉಗಿದಿದೀನಿ ಮುಖಕ್ಕೆ. ಎದೆಗೆ ಚುಚ್ಚಬೇಕು ಅಂತಿದ್ರೆ ಹದಿನೆಂಟು ವರ್ಷ ಕಾಯ್ತಿದ್ನಾ?"

"ಕೂಗಬೇಡ, ನನಗೂ ಗಂಟಲಿದೆ! ನನ್ನ ತಮ್ಮ ಅಲ್ಲಿ ಕಂಬಿ ಎಣಿಸ್ತಿದಾನೆ. ಮಾಡದೇ ಇರೋ ತಪ್ಪಿಗೆ ನಾಳೆ ಕೋರ್ಟಲ್ಲಿ ನಿಲ್ತಾನೆ. ನಿಮ್ಮಲ್ಲಿ ಒಬ್ಬರಿಗಾದ್ರೂ 'ಸಾರ್, ಅವನು ಚಾಕು ಕೊಟ್ಟು ಹೊರಗೆ ಹೋದ' ಅಂತ ಹೇಳೋಕೆ ನಾಲಿಗೆ ಇರ್ಲಿಲ್ವಾ?"

"ಹೇಳಿದ್ವಿ! ವಾಪಸ್ ಬಂದಿರಬಹುದಲ್ಲ ಅಂದ್ರು. ಹಿಂದಿನ ಓಣಿಗೆ ಬಾಗಿಲಿದೆ. ನಾವೆಲ್ಲ ಮಹಡೀಲಿ ಮಲಗಿದ್ವಿ. ನಾನೇನು ಗೋಡೆ ಆಚೆ ನೋಡ್ತೀನಾ?"

ನಾನು ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದೆ. ಜೋಡಿ ಚಾಕುವನ್ನು ಒಲೆಕಟ್ಟೆಯ ಮೇಲಿಟ್ಟೆ. "ಉಜ್ಜು. ನೀನು ದಿನಾ ಉಜ್ಜೋ ಹಾಗೇ."

"ಹಾಳಾಗುತ್ತೆ."

"ಆಗ್ಲಿ!"

ಕೋಪದಲ್ಲಿ ಅವನು ಕಂಬಿ ಎಳೆದುಕೊಂಡ. ಸರಕ್ ಸರಕ್ ಅಂತ ನಾಲ್ಕು ಸಲ, ಹಿಡಿಯ ಬುಡದಿಂದ ಹಿಡಿದು ತುದಿಯವರೆಗೂ ಒಂದೇ ಎಳೆತ. ತಮ್ಮ ನೋಡಿದ್ದರೆ ಅಳುತ್ತಿದ್ದ. ನಾನು ಅಲಗನ್ನು ಬೆಳಕಿಗೆ ಹಿಡಿದೆ. ಮುಕ್ಕು ಬಂದಿತ್ತು, ಆದರೆ ಬುಡದಿಂದ ತುದಿಯವರೆಗೂ, ಸಾಲಾಗಿ.

ಫೋಟೋದಲ್ಲಿ ಮೂರೇ ಬೆರಳಗಲ.

ನನ್ನ ಕೋಪ ಅರ್ಧಕ್ಕೆ ನಿಂತುಹೋಯಿತು. ಇಷ್ಟುದ್ದ ಅಲಗಿನಲ್ಲಿ ಅಷ್ಟೇ ಜಾಗ ಕೆಡಬೇಕಾದರೆ ಉಜ್ಜಿದ ವಸ್ತುವೇ ಪುಟ್ಟದಿರಬೇಕು. ಕಂಬಿ ಅಲ್ಲ. ಕಂಬಿಗೆ ಉಜ್ಜುವ ಕೈಯೂ ಅಲ್ಲ.

"ಭಾವ ಸತ್ತ ಆ ಕೋಣೆ ಬಾಗಿಲು ತೆಗಿ."

ಪೊಲೀಸರು ಬೆಳಿಗ್ಗೆಯೇ ಕೋಣೆ ಬಿಟ್ಟುಕೊಟ್ಟಿದ್ದರು. ಒಂದು ಮಂಚ, ಒಂದು ಮೇಜು, ಮೂಲೆಯಲ್ಲಿ ಕೈತೊಳೆಯುವ ತೊಟ್ಟಿ. ನೆಲ ತೊಳೆದಿದ್ದರು. ಗುಡುಗಪ್ಪ ಹೊಸಿಲಲ್ಲೇ ನಿಂತ, ಒಳಗೆ ಬರಲಿಲ್ಲ. ನಾನು ಮೇಜಿನ ಖಾನೆ ಎಳೆದೆ, ಮಂಚದ ಕೆಳಗೆ ತೂರಿದೆ, ಕಿಟಕಿಯ ಹಲಗೆ ಸವರಿದೆ. ಏನೂ ಇಲ್ಲ. ಸೋತು ಮುಖ ತೊಳೆಯೋಣ ಅಂತ ತೊಟ್ಟಿಯ ಹತ್ತಿರ ಹೋದರೆ ಅದರ ಅಂಚಿನ ಮೇಲೆ ಒಂದು ಬಿಳಿ ಪಿಂಗಾಣಿ ಟೀ ಕಪ್ಪು ಬೋರಲಾಗಿತ್ತು.

ತೊಳೆದು ಬೋರಲು ಹಾಕಿದ ಕಪ್ಪು ಅಂತ ಪೊಲೀಸರು ಬಿಟ್ಟುಹೋಗಿದ್ದರು. ಯಾರಾದರೂ ಹಾಗೇ ಅಂದುಕೊಳ್ಳುವ ಕಪ್ಪು. ಅದರ ತಳದಲ್ಲಿ ಹೊಳಪು ಬಳಿಯದ ಒರಟು ಬಳೆ ಇರುತ್ತದಲ್ಲ, ಆ ಬಳೆಯ ಮೇಲೆ ಬೂದುಗಪ್ಪು ಗೆರೆಗಳು. ಮೂರು ಒಂದು ಕಡೆ, ಮೂರು ಇನ್ನೊಂದು ಕಡೆ. ಉಕ್ಕು ಉಜ್ಜಿದ ಗುರುತು.

"ಕಪ್ಪಿನ ಬುಡಕ್ಕಾ?" ಗುಡುಗಪ್ಪ ಹೊಸಿಲಿಂದಲೇ ಮೂಗು ಮುರಿದ. "ಥೂ! ನಮ್ಮಲ್ಲಿ ಯಾರ ಕೈಯೂ ಆ ಕೆಲಸ ಮಾಡಲ್ಲ. ಸೊಂಟದಲ್ಲಿ ಕಂಬಿ ಇಟ್ಕೊಂಡು ಕಪ್ಪಿಗೆ ಯಾರು ಹೋಗ್ತಾರೆ? ಮನೇಲಿ ಅಡುಗೆ ಮಾಡೋರು ಮಾಡೋದು ಅದು."

ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಅಡುಗೆಯವನಲ್ಲ, ನನ್ನ ತಮ್ಮ ಖಂಡಿತ ಅಲ್ಲ. ಹೊರಗಿನವರು ಯಾರೋ. ಗುಡುಗಪ್ಪನನ್ನೇ ಸಾಕ್ಷಿಯಾಗಿ ನಿಲ್ಲಿಸಿ, ಕಪ್ಪು ಇದ್ದ ಜಾಗದ ಫೋಟೋ ತೆಗೆದು, ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ.

"ನೀನು ಕಣ್ಮುಚ್ಚಿಕೊಂಡು ದಾಟಿ ಹೋದ ಸಾಕ್ಷಿ ನನ್ನ ಕೈಲಿದೆ. ಸಂಜೆ ತಂದು ನಿನ್ನ ಮೇಜಿನ ಮೇಲೆ ಇಡ್ತೀನಿ. ಮೊದಲು ತಮ್ಮನ ಹತ್ರ ಒಂದು ಮಾತು ಕೇಳಬೇಕು, ನನ್ನನ್ನ ಒಳಗೆ ಬಿಡೋಕೆ ಹೇಳು."

ಬಿಟ್ಟರು.

ತಮ್ಮ ಕಂಬಿ ಹಿಡಿದುಕೊಂಡು ನಿಂತಿದ್ದ. ರಾತ್ರಿಯೆಲ್ಲ ಬೈದು ಬೈದು ಗಂಟಲು ಕಟ್ಟಿತ್ತು. ನಮ್ಮ ಮನೆಯವರ ಕೋಪವೇ ಹಾಗೆ, ಹಸಿವು ನಿದ್ದೆ ಎರಡನ್ನೂ ತಿಂದುಹಾಕುತ್ತದೆ.

"ಚಿಕ್ಕಕ್ಕಾ, ಆ ಮುಠ್ಠಾಳನಿಗೆ ಹೇಳೇ, ನಾನು ಕೊಂದಿಲ್ಲ ಅಂತ! ಹೊಡೀಬೇಕು ಅಂತಿದ್ರೆ ಎದುರಿಗೇ ಹೊಡೀತಿದ್ದೆ. ನಾನೇನು ಕಳ್ಳನಾ ಹಿಂಬಾಗಿಲಿಂದ ಬರೋಕೆ?"

"ಗೊತ್ತು ಕಣೋ. ಬಾಯ್ಮುಚ್ಚಿ ಕೇಳು. ನಿನ್ನ ಚಾಕು ಮುಕ್ಕಾಗಿದೆ."

"ಏನು?" ಅವನ ಕಣ್ಣು ಕೆಂಪಾದವು. ಕೊಲೆ ಆರೋಪಕ್ಕಿಂತ ಅದು ದೊಡ್ಡ ಅವಮಾನ ಅನ್ನುವ ಹಾಗೆ. "ಯಾವ ಅಯೋಗ್ಯ ಮಾಡಿದ್ದು? ಆ ಗುಡುಗಪ್ಪನಾ? ಅವನ ಕೈ ಮುರೀತೀನಿ!"

"ಅವನಲ್ಲ. ತುದೀಲಿ ಮಾತ್ರ ಆಗಿದೆ. ಕಪ್ಪು ಬೋರಲು ಹಾಕಿ ಅದರ ಬುಡಕ್ಕೆ ಉಜ್ಜಿದಾರೆ. ಈ ಕಡೆ ಮೂರು, ಆ ಕಡೆ ಮೂರು. ಹುಳಿ ಕುಯ್ದ ಕಲೇನೂ ಇದೆ."

ತಮ್ಮ ಬಾಯಿ ತೆರೆದ, ಮಾತು ಬರಲಿಲ್ಲ. ಕಂಬಿ ಹಿಡಿದಿದ್ದ ಕೈ ನಿಧಾನಕ್ಕೆ ಕೆಳಗಿಳಿಯಿತು. ಹುಟ್ಟಿದಾಗಿನಿಂದ ನೋಡಿದ್ದೇನೆ, ಇವನು ಮಾತಿಲ್ಲದೆ ನಿಂತದ್ದು ಅಮ್ಮ ಸತ್ತ ದಿನ ಮಾತ್ರ.

"ಆ ಕಪ್ಪು ಎಲ್ಲಿದೆ?"

"ನನ್ನ ಬ್ಯಾಗಲ್ಲಿ."

"ಬಿಸಾಕು."

"ಏನೋ?"

"ಬಿಸಾಕು ಅಂದೆ! ಕಿವಿ ಕೇಳಲ್ವಾ? ಒಡೆದು ಚರಂಡಿಗೆ ಹಾಕು!" ಅವನು ನನ್ನ ತಲೆಯ ಮೇಲಿಂದ ಕೂಗಿದ. "ಸಾರ್! ಯಾರ್ರೀ ಅಲ್ಲಿ? ಬರ್ಕೊಳ್ಳಿ ಸಾರ್. ನಾನೇ ಕೊಂದಿದ್ದು. ವಾಪಸ್ ಬಂದು ಹಿಂಬಾಗಿಲಿಂದ ಹೋಗಿ ಚುಚ್ಚಿದೆ. ಎಲ್ಲಿ ಸಹಿ ಹಾಕ್ಲಿ?"

"ನಿನಗೆ ತಲೆ ಕೆಟ್ಟಿದ್ಯಾ? ಯಾರನ್ನ ಉಳಿಸೋಕೆ ಹೊರಟಿದೀಯೋ? ಹೇಳೋ!"

ಅವನು ಗೋಡೆಯ ಕಡೆ ತಿರುಗಿ ಕೂತ. ನಾನು ಕಂಬಿ ಹಿಡಿದು ಅಲ್ಲಾಡಿಸಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಕತ್ತೆ ಅಂದೆ, ಹೆತ್ತವರ ಹೆಸರು ಕೆಡಿಸೋನು ಅಂದೆ. ಬೆನ್ನು ಅಲ್ಲಾಡಲಿಲ್ಲ. ಕೊನೆಗೆ ಇಬ್ಬರು ಕಾನ್‌ಸ್ಟೇಬಲ್ಲುಗಳು ನನ್ನನ್ನು ಹೊರಗೆ ತಂದುಬಿಟ್ಟರು.

ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಯಿತು. ಆ ಸಿಟ್ಟಿನಲ್ಲಿ ಯೋಚನೆ ಮಾಡಲು ನನಗೆ ಪುರುಸೊತ್ತಿರಲಿಲ್ಲ. ದೊಡ್ಡಕ್ಕ ಹೇಳಿದರೆ ಕೇಳುತ್ತಾನೆ, ಅವಳ ಮಾತು ಅವನು ಯಾವತ್ತೂ ಮೀರಿದವನಲ್ಲ ಅಂತ ಅವಳ ಮನೆಗೆ ನಡೆದೆ. ಮನೆ ಹೋಟೆಲಿನ ಹಿಂದಿನ ಓಣಿಯಲ್ಲೇ, ಆ ಕೋಣೆಯ ಬಾಗಿಲಿಗೆ ಎದುರು.

ದೇಹ ಇನ್ನೂ ಆಸ್ಪತ್ರೆಯಲ್ಲಿತ್ತು. ನೆಂಟರು ಹೊರಗಿನ ಕೋಣೆಯಲ್ಲಿ ಪಿಸುಗುಟ್ಟುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿದ್ದಳು. ಅಳು ಮುಗಿದ ಮುಖ. ಕುಪ್ಪಸದ ತೋಳು ಮಣಿಕಟ್ಟಿನವರೆಗೂ ಇತ್ತು, ಇಂಥ ಸೆಕೆಯಲ್ಲೂ.

"ಬಾರೇ. ಬಿಸಿಲಲ್ಲಿ ಬಂದಿದೀಯ. ಮುಖ ನೋಡು, ಸುಟ್ಟ ಬದನೆಕಾಯಿ ಹಾಗಾಗಿದೆ. ಕೂತ್ಕೋ, ನಿಂಬೆ ಹಣ್ಣಿನ ಶರಬತ್ತು ಮಾಡ್ತೀನಿ."

"ಶರಬತ್ತು ಬೇಡ, ಏನೂ ಬೇಡ! ನನಗ್ಯಾಕೆ ಹೇಳಲಿಲ್ಲ ಅಕ್ಕಾ? ಅವನು ಹೊಡೀತಿದ್ದ ಅಂತ ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿದ್ರೆ ಬೆಂಕಿ ಹಚ್ತಿದ್ದೆ."

"ಹಚ್ತಿದ್ದೆ!"

"ಅದಕ್ಕೇ."

ನಾನು ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿ ಕೂತೆ. ತಮ್ಮ ಒಪ್ಪಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ. ನೀನು ಬಂದು ಅವನಿಗೆ ಬುದ್ಧಿ ಹೇಳು, ಈಗಲೇ ಹೊರಡು ಅಂದೆ. ಅಕ್ಕ ನನ್ನನ್ನೇ ನೋಡುತ್ತ ಬುಟ್ಟಿಯಿಂದ ನಿಂಬೆಹಣ್ಣು ತೆಗೆದಳು. ಇನ್ನೊಂದು ಕೈ ತಾನಾಗಿ ಗೂಡಿಗೆ ಹೋಗಿ ಒಂದು ಕಪ್ಪು ತಂದಿತು, ಬೋರಲು ಹಾಕಿತು, ಚಾಕು ಎತ್ತಿಕೊಂಡಿತು.

ಸರ್, ಸರ್, ಸರ್. ತಿರುಗಿಸಿ ಮತ್ತೆ ಮೂರು ಸಲ. ಅವಳು ಕೆಳಗೆ ನೋಡಲೂ ಇಲ್ಲ.

ನನ್ನ ಮನೆಯಲ್ಲಿ ಒಲೆ ಹಚ್ಚುವುದೇ ಅಪರೂಪ. ನಾನು ಆ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಆದರೆ ಆ ಸದ್ದಿಗೇ ನಾವು ಮೂವರೂ ಬೆಳಿಗ್ಗೆ ಏಳುತ್ತಿದ್ದದ್ದು. ಅಮ್ಮ ತರಕಾರಿ ಮುಟ್ಟುವ ಮುಂಚೆ, ಹಣ್ಣು ಮುಟ್ಟುವ ಮುಂಚೆ, ಚಾಕು ಹರಿತ ಇರಲಿ ಬಿಡಲಿ, ಕಪ್ಪಿನ ಬುಡಕ್ಕೆ ಈ ಕಡೆ ಮೂರು, ಆ ಕಡೆ ಮೂರು. ಅದನ್ನು ಅವಳು ಕಲಿಸಿದ್ದು ಹಿರೀ ಮಗಳಿಗೆ. ತಮ್ಮನಿಗೆ ಒಂದು ಕ್ಷಣದಲ್ಲಿ ಅರ್ಥವಾದದ್ದು ನನಗೆ ಇಷ್ಟು ಹೊತ್ತು ತಿಳಿದಿರಲಿಲ್ಲ.

ಉಜ್ಜುವಾಗ ಅಕ್ಕನ ಕುಪ್ಪಸದ ತೋಳು ಮೇಲೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈಯವರೆಗೆ ಬೆರಳಿನ ಗುರುತುಗಳು, ಹಸಿರು, ನೀಲಿ, ಹಳದಿ. ಒಂದೇ ದಿನದ್ದಲ್ಲ. ಆ ಸತ್ತವನನ್ನು ಎಬ್ಬಿಸಿ ನಾನೇ ಇನ್ನೊಂದು ಸಲ ಕೊಲ್ಲಬೇಕು ಅನ್ನಿಸಿತು.

"ಅಕ್ಕಾ, ನಿನ್ನೆ ಮಧ್ಯಾಹ್ನ ಅವನಿಗೆ ಟೀ ತಗೊಂಡು ಹೋಗಿದ್ಯಾ?"

"ದಿನಾ ತಗೊಂಡು ಹೋಗ್ತಿದ್ದೆ. ನಿಂಬೆಹಣ್ಣು ಹಿಂಡಬೇಕು, ಇಲ್ದಿದ್ರೆ ಲೋಟ ಎಸೀತಿದ್ರು." ಅವಳು ಹಣ್ಣನ್ನು ಎರಡು ಹೋಳು ಮಾಡಿದಳು. "ಅಲ್ಲಿ ಮೇಜಿನ ಮೇಲೆ ಕಣ್ಣಿಗೆ ಕಂಡ ಚಾಕು ತಗೊಂಡೆ. 'ನನ್ನ ಚಾಕು ಮುಟ್ಟಿದೆಯಾ' ಅಂತ ಅವರು..."

ಮಾತು ಅಲ್ಲಿಗೇ ನಿಂತಿತು. ನನ್ನ ಮೊಬೈಲು ಹೊಡೆದುಕೊಳ್ಳತೊಡಗಿತ್ತು.

"ಮೇಡಂ," ಇನ್ಸ್‌ಪೆಕ್ಟರ ದನಿ. "ನಿಮ್ಮ ತಮ್ಮ ಸಹಿ ಹಾಕ್ದ. ಆದ್ರೂ ನನಗೇನೋ ಸರಿ ಕಾಣ್ತಿಲ್ಲ. ಚಾಕು ಯಾವ ಕೈಲಿ ಹಿಡಿದಿದ್ದೆ ಅಂದ್ರೆ ಅದನ್ನೂ ನನ್ನನ್ನೇ ಕೇಳ್ತಾನೆ. ನೀವೇನೋ ಸಾಕ್ಷಿ ಸಿಕ್ಕಿದೆ ಅಂದ್ರಲ್ಲ, ಈಗ್ಲೇ ತನ್ನಿ. ನಾಳೆ ಕೋರ್ಟಿಗೆ ಹೋದ್ಮೇಲೆ ನನ್ನ ಕೈಲಿ ಏನೂ ಇಲ್ಲ."

ಅತ್ತ ದರಿ, ಇತ್ತ ಪುಲಿ. ಇಷ್ಟು ದೊಡ್ಡ ಬಾಯಿ ಇದ್ದೂ ನನಗೆ 'ಹೂಂ' ಅನ್ನಲೂ ಆಗಲಿಲ್ಲ, 'ಊಹೂಂ' ಅನ್ನಲೂ ಆಗಲಿಲ್ಲ.

ಲೋಟ ಇಡಲು ಜಾಗ ಮಾಡಲೆಂದು ಅಕ್ಕ ನನ್ನ ಬ್ಯಾಗು ಸರಿಸಿದಳು. ಒಳಗೆ ಏನೋ ಮೇಜಿಗೆ ತಾಗಿ ಟಣ್ ಅಂದಿತು. ಅವಳು ನನ್ನನ್ನೊಮ್ಮೆ ನೋಡಿ ಜಿಪ್ಪು ಎಳೆದಳು, ಕರವಸ್ತ್ರ ಬಿಚ್ಚಿದಳು, ಕಪ್ಪನ್ನು ತಿರುಗಿಸಿ ಅದರ ಬುಡ ನೋಡಿದಳು. ತುಂಬ ಹೊತ್ತು ನೋಡಿದಳು.

"ಹಲೋ? ಮೇಡಂ? ಲೈನಲ್ಲಿದೀರಾ?"

ಅಕ್ಕ ಕಪ್ಪು ಹಿಡಿದುಕೊಂಡು ತೊಟ್ಟಿಯ ಹತ್ತಿರ ಹೋದಳು. ನಲ್ಲಿ ತಿರುಗಿಸಿದಳು. ಪಾತ್ರೆ ಉಜ್ಜುವ ನಾರನ್ನು ಕೈಗೆ ತೆಗೆದುಕೊಂಡು, ಕಪ್ಪನ್ನು ಇನ್ನೂ ನೀರಿಗೆ ಒಡ್ಡದೆ, ನನ್ನ ಕಡೆ ತಿರುಗಿದಳು.

"ತೊಳೆದಿಡ್ಲಾ," ಎಂದಳು, "ಇಲ್ಲಾ ನಿನಗೆ ಬೇಕಾ?"